ಇಲ್ಲದ ಭಾಷೆಯೊಂದನ್ನು ಕಟ್ಟುವುದು ಹೇಗೆ

ಹೊಸ ಭಾಷೆ ಕಟ್ಟಲು ಹೊರಟ ಹೆಚ್ಚಿನವರು ಮೊದಲ ದಿನವೇ ನಿಘಂಟು ಶುರು ಮಾಡುತ್ತಾರೆ. ಒಂದು ನೋಟ್‌ಬುಕ್, ಅದರಲ್ಲಿ ಎಡಗಡೆ ನೀರು, ಬೆಂಕಿ, ಅಮ್ಮ. ಬಲಗಡೆ ಬಾಯಿಗೆ ಬಂದ ಸದ್ದು. ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕವರಿದ್ದಾಗ ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ಗುಟ್ಟು ಮಾತಾಡುತ್ತಿದ್ದೆವು, ಅಲ್ವಾ? ಇದೂ ಅದೇ ಕೆಲಸ, ಶ್ರಮ ಮಾತ್ರ ಜಾಸ್ತಿ. ಒಳಗೆ ಕನ್ನಡವೇ ಇರುತ್ತದೆ. ಕೇಳುವವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಾನು ಉಡುಪಿಯಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಾಟಕ ಆಡಿಸುವವ. ಮನೆಯಲ್ಲಿ ತುಳು, ಹೆಂಡತಿ ಕುಂದಾಪುರದವಳು, ಪಕ್ಕದ ಮನೆಯವರದ್ದು ಕೊಂಕಣಿ. ಮುಂದೆ ಹೇಳುವ ಉದಾಹರಣೆಗಳೆಲ್ಲ ಒಂದು ಮಕ್ಕಳ ನಾಟಕಕ್ಕೆ ಕಟ್ಟಿದ ಭಾಷೆಯವು. ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ, ಅಲ್ಲಿನ ಕಂಬದಂಥ ಕಲ್ಲುಗಳ ಬುಡದಲ್ಲಿ, ಕಡಲಿನ ಅಡಿಯಲ್ಲಿ ಒಂದು ಜನ ವಾಸ ಮಾಡುತ್ತಾರೆ. ದೋಣಿಯಿಂದ ಬಿದ್ದ ಹುಡುಗ ಅವರ ಕೈಗೆ ಸಿಗುತ್ತಾನೆ. ಕಥೆ ಇಷ್ಟೇ. ಉಸಿರಾಡುವುದಕ್ಕೆ ಆ ಜನ ಯಾವಾಗಲೂ ತುಟಿಗಳ ನಡುವೆ ಒಂದು ಚಿಪ್ಪು ಹಿಡಿದುಕೊಂಡಿರುತ್ತಾರೆ.

ಆ ಚಿಪ್ಪಿನಿಂದಲೇ ಭಾಷೆ ಶುರುವಾಯಿತು. ತುಟಿ ಮುಚ್ಚುವ ಹಾಗಿಲ್ಲ ಎಂದ ಮೇಲೆ ಪ, ಬ, ಮ ಹೇಗೆ ಹೇಳುತ್ತಾರೆ?

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಇಂಗ್ಲಿಷ್ ಮಾತ್ರ ಬಲ್ಲವರು ಧ್ವನಿಗಳ ಪಟ್ಟಿಯನ್ನು ಹೊಸದಾಗಿ ಕಲಿಯಬೇಕು. ನಾವು ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದ್ದೇವೆ. ವರ್ಗೀಯ ವ್ಯಂಜನಗಳ ಐದು ಸಾಲು ಅಂದರೆ ಬಾಯಿಯೊಳಗಿನ ಐದು ಜಾಗ. ಕ ಗಂಟಲ ಹತ್ತಿರ, ಪ ತುಟಿಯಲ್ಲಿ, ಉಳಿದವು ನಡುವೆ. ಅಡ್ಡಕ್ಕೆ ನೋಡಿದರೆ ಅಲ್ಪಪ್ರಾಣ, ಮಹಾಪ್ರಾಣ, ಕೊನೆಗೆ ಅನುನಾಸಿಕ. ಒಂದು ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ. ಕೆಂಪು ಪೆನ್ನು ತೆಗೆದುಕೊಂಡು ಅಳಿಸುತ್ತಾ ಹೋಗಿ. ಆದರೆ ಒಂದೊಂದೇ ಅಕ್ಷರ ಹೆಕ್ಕಿ ಅಳಿಸಬೇಡಿ. ಇಡೀ ಸಾಲು ಅಥವಾ ಇಡೀ ಕಂಬ ತೆಗೆಯಿರಿ. ನಿಜವಾದ ಭಾಷೆಗಳೂ ಹೆಚ್ಚಾಗಿ ಹಾಗೆಯೇ ಇರುತ್ತವೆ. ತಮಿಳಿನ ಅಕ್ಷರಮಾಲೆಯಲ್ಲಿ ಮಹಾಪ್ರಾಣದ ಕಂಬಗಳೇ ಇಲ್ಲ. ಉತ್ತರ ಅಮೆರಿಕದ ಮೊಹಾಕ್ ಭಾಷೆಯ ಸ್ವಂತ ಪದಗಳಲ್ಲಿ ಪ, ಬ, ಮ ಮೂರೂ ಇಲ್ಲ. ಹವಾಯಿ ಭಾಷೆ ಬರೀ 8 ವ್ಯಂಜನಗಳಲ್ಲಿ ಸಂಸಾರ ನಡೆಸುತ್ತದೆ. ಕಡಿಮೆಯಾಯಿತು ಎಂದು ಹೆದರಬೇಡಿ. ಭಾಷೆಗೆ ತನ್ನದೇ ರುಚಿ ಬರುವುದು ಅದು ಬೇಡ ಎಂದ ಸದ್ದುಗಳಿಂದ. ನಲವತ್ತು ಸದ್ದು ಒಟ್ಟಿಗೆ ತುರುಕಿದರೆ ಯಾವ ಭಾಷೆಯ ಹಾಗೂ ಕೇಳಿಸುವುದಿಲ್ಲ.

ನಾನು ಪ ಸಾಲು ಪೂರ್ತಿ ತೆಗೆದೆ, ಜೊತೆಗೆ ವ. ಚ ಸಾಲನ್ನೂ ತೆಗೆದೆ. ಮಹಾಪ್ರಾಣಗಳು ಹೋದವು, ಗ-ಡ-ದ ಕಂಬವೂ ಹೋಯಿತು. ಉಳಿದದ್ದು ಕ, ಙ, ಟ, ಣ, ತ, ನ, ಸ, ಹ, ರ, ಳ, ಯ. ಲ ಬೇಡ, ಳ ಮಾತ್ರ ಸಾಕು ಅನ್ನಿಸಿತು. ಙ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಅದು ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಅಕ್ಷರ. ಮಲಯಾಳಂನವರು ಮಾವಿನಕಾಯಿಗೆ ಮಾಙ್ಙ ಅನ್ನುವಾಗ ಅದು ಎಷ್ಟು ಚೆನ್ನಾಗಿ ಕೇಳಿಸುತ್ತದೆ ನೋಡಿ. ಎರಡು ಸ್ವರಗಳ ನಡುವೆ ಅದನ್ನು ಇಟ್ಟರೆ ಕೇಳುವವರು ಕಿವಿ ನೆಟ್ಟಗೆ ಮಾಡುತ್ತಾರೆ.

ಸ್ವರಗಳಿಗೂ ಚಿಪ್ಪಿನ ಕಾಟ ಇದೆ. ಉ, ಒ ಹೇಳಲು ತುಟಿ ದುಂಡಗಾಗಬೇಕು. ಹಾಗಾಗಿ ಅ, ಇ, ಎ ಇಟ್ಟುಕೊಂಡೆ. ಉ ಜಾಗಕ್ಕೆ ನಮ್ಮ ತುಳುವಿನ ಅರ್ಧ ಉಕಾರ ತಂದೆ. ಪತ್ತ್, ಕಣ್ಣ್ ಅನ್ನುವಾಗ ಕೊನೆಗೆ ಬರುತ್ತದಲ್ಲ, ತುಟಿ ಮುಂದೆ ಬಾರದೆ ಹುಟ್ಟುವ ಸದ್ದು, ಅದೇ. ಬರೆಯುವಾಗ ಕೊಂಬೇ ಹಾಕಿದೆ, ಹೇಳುವಾಗ ತುಟಿ ದುಂಡಗೆ ಮಾಡಬಾರದು ಎಂಬ ನಿಯಮ. ತುಳು ಮನೆಯ ಮಕ್ಕಳಿಗೆ ಇದು ಲೀಲಾಜಾಲ. ಉಳಿದವರಿಗೆ ಕನ್ನಡಿ ಕೊಡಬೇಕಾಗುತ್ತದೆ.

ಅಕ್ಷರ ಆರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಯಾವುದರ ಪಕ್ಕ ಯಾವುದು ಕೂರಬಹುದು ಎಂಬ ನಿಯಮ ಇನ್ನೂ ಮುಖ್ಯ. ಕನ್ನಡಕ್ಕೆ ಪದದ ಕೊನೆಯಲ್ಲಿ ಸ್ವರ ಬೇಕು. ಅದಕ್ಕೇ ಬಸ್ ನಮ್ಮ ಬಾಯಲ್ಲಿ ಬಸ್ಸು, ಕಾರ್ ನಮ್ಮ ಬಾಯಲ್ಲಿ ಕಾರು. ನನ್ನ ಕಡಲಡಿಯವರ ನಿಯಮ ಹೀಗಿದೆ: ಒತ್ತಕ್ಷರ ಇಲ್ಲ, ಪದ ಮುಗಿಯುವುದು ಸ್ವರದಲ್ಲಿ, ಇಲ್ಲವೇ ನ್ ಅಥವಾ ಳ್‌ನಲ್ಲಿ. ನಿಯಮ ಗಟ್ಟಿ ಇದೆಯೇ ಎಂದು ನೋಡಲು ಊರಿನ ಹೆಸರುಗಳನ್ನು ಅದರಲ್ಲಿ ಸೋಸಿ. ಮಂಗಳೂರಿನ ಮ ಇಲ್ಲ, ಹತ್ತಿರದ ಅನುನಾಸಿಕ ನ. ಗ ಇಲ್ಲ, ಅನುಸ್ವಾರದ ಜೊತೆ ಸೇರಿ ಙ. ಆಯಿತು ನಙಳುರು. ಪ ಬಂದಲ್ಲಿ ಕ ಎಂದು ಇಟ್ಟುಕೊಂಡರೆ ಉಡುಪಿ ಉಟುಕಿ. ಮಲ್ಪೆಯ ಒತ್ತು ಬಿಡಿಸಬೇಕು, ನಡುವೆ ಒಂದು ಸ್ವರ ತೂರಿಸಿ: ನಳುಕೆ. ಮಕ್ಕಳು ಅರ್ಧ ದಿನ ತಮ್ಮ ತಮ್ಮ ಹೆಸರನ್ನೇ ಸೋಸುತ್ತಾ ಕೂತರು. ಆ ಅರ್ಧ ದಿನ ದಂಡವಾಗಲಿಲ್ಲ. ನಿಯಮ ಪಟ್ಟಿಯಿಂದ ಬಾಯಿಗೆ ಇಳಿದದ್ದು ಆಗಲೇ.

ಈಗ ವ್ಯಾಕರಣ. ಯಾವ ಭಾಷೆಯನ್ನಾದರೂ ದೂರದಿಂದ, ಅರ್ಥ ಆಗದೆ ಕೇಳಿ. ಕಿವಿಗೆ ಮತ್ತೆ ಮತ್ತೆ ಬೀಳುವುದು ಪ್ರತ್ಯಯಗಳು. ಕನ್ನಡದ ಸದ್ದು ಅಂದರೆ ಬಹುಪಾಲು ಗಳು, ಅಲ್ಲಿ, ತ್ತಾನೆ, ತ್ತಾರೆ. ನಾಮಪದ ಸಾವಿರ ಇದ್ದರೂ ಒಂದೊಂದು ಎಲ್ಲೋ ಒಮ್ಮೆ ಬರುತ್ತದೆ. ಪ್ರತ್ಯಯ ಸಾಲುಸಾಲಿಗೂ ಬರುತ್ತದೆ. ಆದ್ದರಿಂದ ನಿಮಗೆ ತುಂಬಾ ಇಷ್ಟವಾದ ಸದ್ದನ್ನು ಯಾವುದೋ ಹೂವಿನ ಹೆಸರಿಗೆ ಖರ್ಚು ಮಾಡಬೇಡಿ, ಪ್ರತ್ಯಯಕ್ಕೆ ಕೊಡಿ. ನನ್ನ ಭಾಷೆಯಲ್ಲಿ ನ್ ಮತ್ತು ಳ್ ಎರಡಕ್ಕೇ ಜಾಸ್ತಿ ಕೆಲಸ ಕೊಟ್ಟದ್ದು ಈ ಕಾರಣಕ್ಕೆ.

ಏನು ಕೆಲಸ? ಲಿಂಗದ ಕೆಲಸ. ಗಂಡು-ಹೆಣ್ಣು-ನಪುಂಸಕ ಎಂದು ಮೂರು ಮಾಡಿ ಮುಗಿಸುವ ಅಭ್ಯಾಸ ಬಿಡಿ. ಕರಾವಳಿಯಲ್ಲೇ ನೋಡಿ, ಕೊಂಕಣಿಯಲ್ಲಿ ಚಿಕ್ಕ ಹುಡುಗಿ ನಪುಂಸಕ, ಹವ್ಯಕರ ಮಾತಿನಲ್ಲಿ ಮನೆಯ ಹೆಂಗಸರಿಗೂ 'ಅದು'. ಲಿಂಗ ಅನ್ನುವುದು ಪದಗಳನ್ನು ಗುಂಪು ಮಾಡುವ ಒಂದು ದಾರಿ, ಅಷ್ಟೇ. ಕಡಲಡಿಯವರಿಗೆ ಮುಖ್ಯವಾದ ಗುಂಪು ಎರಡು: ನೀರಿನಲ್ಲಿ ಇರುವುದು, ನೀರಿನ ಹೊರಗೆ ಇರುವುದು. ಹಾಣಿ ಅಂದರೆ ಮೀನು. ಕಡಲಲ್ಲಿ ಈಜುವಾಗ ಹಾಣಿನ್. ಅದೇ ಮೀನು ಮಲ್ಪೆ ಬಂದರಿನ ಬುಟ್ಟಿಯಲ್ಲಿದ್ದಾಗ ಹಾಣಿಳ್. ಕಿಟಾ ಅಂದರೆ ಹುಡುಗ. ದೋಣಿಯಿಂದ ಬಿದ್ದವನು ನೀರಿನೊಳಗೇ ಇದ್ದರೂ ಇಡೀ ನಾಟಕದಲ್ಲಿ ಕಿಟಾಳ್. ಅವನನ್ನು ಒಳಗಿನವನು ಎಂದು ಅವರು ಒಪ್ಪಿಲ್ಲ. ಯಾರೂ ಬಾಯಿಬಿಟ್ಟು 'ನೀನು ಹೊರಗಿನವ' ಎಂದು ಹೇಳಬೇಕಾಗಿಲ್ಲ, ಪ್ರತ್ಯಯವೇ ಹೇಳುತ್ತದೆ. ಸಂಭಾಷಣೆ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು ಮಾರಾಯ್ರೆ?

'ನಾವು' ಕೂಡ ಹಾಗೇ. ಕನ್ನಡದ ನಾವು ಒಂದೇ. ತುಳುವಿನಲ್ಲಿ ಎರಡು: ಕೇಳುವವನೂ ಸೇರಿದರೆ ನಮ, ಅವನನ್ನು ಬಿಟ್ಟರೆ ಎಂಕುಲು. ಪಪುವಾ ನ್ಯೂಗಿನಿಯ ಟೋಕ್ ಪಿಸಿನ್‌ನಲ್ಲಿ ಸೇರಿಸಿಕೊಳ್ಳುವ ನಾವು ಅಂದರೆ ಯುಮಿ, ಇಂಗ್ಲಿಷಿನ ಯು ಮತ್ತು ಮಿ ಅಂಟಿಕೊಂಡದ್ದು. ಈ ಉಪಾಯವನ್ನು ನಾನು ಹಾಗೇ ಎತ್ತಿಕೊಂಡೆ. ಯಿ ಅಂದರೆ ನಾನು, ತಾ ಅಂದರೆ ನೀನು. ಯಿತಾ ಅಂದರೆ ನೀನೂ ಸೇರಿ ನಾವು. ಯಿಳಿ ಅಂದರೆ ನಿನ್ನನ್ನು ಬಿಟ್ಟು ನಾವು. ಹುಡುಗನ ಮುಂದೆ ಎಲ್ಲರೂ ಯಿಳಿ, ಯಿಳಿ ಅನ್ನುತ್ತಲೇ ಇರುತ್ತಾರೆ. ಕೊನೆಯ ದೃಶ್ಯದಲ್ಲಿ ಕಡಲಡಿಯವರ ಅಜ್ಜಿ ಮೊದಲ ಸಲ ಯಿತಾ ಅನ್ನುತ್ತಾಳೆ. ಅದಕ್ಕೆ ವಿವರಣೆ ಕೊಡಬೇಡಿ. ಅಲ್ಲಿಯವರೆಗೆ ಸಾಕಷ್ಟು ಸಲ ಯಿಳಿ ಕೇಳಿಸಿದ್ದರೆ ಪ್ರೇಕ್ಷಕರು ತಾವೇ ಹಿಡಿಯುತ್ತಾರೆ.

ಪದಗಳ ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹೊಸ ಭಾಷೆಯಲ್ಲೂ ಅದೇ ಇಟ್ಟರೆ ಬಾಯಿ ಕನ್ನಡದ ಜಾಡಿಗೆ ಜಾರುತ್ತದೆ. ಮಾರ್ಕ್ ಒಕ್ರಾಂಡ್ ಸ್ಟಾರ್ ಟ್ರೆಕ್ ಸಿನಿಮಾದ ಅನ್ಯಗ್ರಹದವರಿಗೆ ಕ್ಲಿಂಗಾನ್ ಭಾಷೆ ಕಟ್ಟುವಾಗ ಬೇಕೆಂದೇ ಕರ್ಮ, ಕ್ರಿಯೆ, ಕರ್ತೃ ಎಂಬ ಅಪರೂಪದ ಕ್ರಮ ಆರಿಸಿದರು. ಬ್ರೆಜಿಲ್‌ನ ಹಿಷ್ಕರ್ಯಾನದಂಥ ಕೆಲವೇ ಭಾಷೆಗಳಲ್ಲಿ ಅದು ಇದೆ. ನಾನು ಅಷ್ಟು ದೂರ ಹೋಗಲಿಲ್ಲ. ಉಸಿರು ಕಡಿಮೆ ಇರುವ ಜನ ಮುಖ್ಯವಾದದ್ದನ್ನು ಮೊದಲು ಹೇಳಿ ಮುಗಿಸುತ್ತಾರೆ ಎಂದು ಕ್ರಿಯೆಯನ್ನು ಮುಂದೆ ಇಟ್ಟೆ. ಐರಿಷ್, ವೆಲ್ಷ್‌ಗಳಲ್ಲೂ ಹೀಗೆಯೇ. 'ನಾವು ಹುಡುಗನಿಗೆ ಚಿಪ್ಪು ಕೊಟ್ಟೆವು' ಎನ್ನಲು: ನೆಕಿನ್ ಯಿಳಿ ಹಕಾನ್ ಕಿಟಾಳ್. ಕೊಟ್ಟೆವು, ನಾವು, ಚಿಪ್ಪು, ಹುಡುಗ. ನೆಕ ಕೊಡುವುದು, ಇ ಭೂತಕಾಲ, ಕೊಟ್ಟವರು ನೀರಿನವರಾದ್ದರಿಂದ ಕ್ರಿಯೆಗೂ ನ್. ಜಾಗ ನೋಡಿದರೇ ಯಾರಿಗೆ, ಏನು ಎಂದು ಗೊತ್ತಾಗುವುದರಿಂದ ವಿಭಕ್ತಿ ಹಾಕಲಿಲ್ಲ. ಏಳು ವಿಭಕ್ತಿ ಇದ್ದರೇ ವ್ಯಾಕರಣ ಎಂದೇನೂ ಇಲ್ಲ.

ಕೇಳಿದ ಸುದ್ದಿಗೆ ನಾವು 'ಅಂತೆ' ಸೇರಿಸುತ್ತೇವೆ: ಬಂದನಂತೆ, ಹೋದನಂತೆ. ಇಂಥದ್ದನ್ನು ಕಡ್ಡಾಯ ಮಾಡಿ ನೋಡಿ. ಅಮೆಜಾನ್ ಕಡೆಯ ತುಯುಕಾ ಭಾಷೆಯಲ್ಲಿ ನೋಡಿದ್ದು, ಕೇಳಿದ್ದು, ಊಹಿಸಿದ್ದು ಎಂದು 5 ಬಗೆ ಇವೆ. ನನಗೆ ಒಂದು ಸಾಕಾಯಿತು. ಕಣ್ಣಾರೆ ಕಾಣದ್ದಕ್ಕೆ ಕ್ರಿಯೆಯ ಹಿಂದೆ ಹೆ. ನಾಟಕದ ಚಾಡಿಕೋರ ಸಿಕ್ಕಿಬೀಳುವುದು ಹೆ ಬಿಟ್ಟು ಮಾತಾಡಿದ್ದಕ್ಕೆ.

ಇಷ್ಟಾದ ಮೇಲೆ ಭಾಷೆ ಸರಿ ಇರುತ್ತದೆ, ಆದರೆ ತೀರಾ ಇಸ್ತ್ರಿ ಹಾಕಿದ ಹಾಗಿರುತ್ತದೆ. ಜಮೆನ್‌ಹಾಫ್ 1887ರಲ್ಲಿ ಎಸ್ಪೆರಾಂಟೊ ಎಂಬ ತಾವೇ ಕಟ್ಟಿದ ಭಾಷೆ ಹೊರತಂದಾಗ ಅಪವಾದಗಳೇ ಇಲ್ಲದ ಹಾಗೆ ನೋಡಿಕೊಂಡರು. ನಾಮಪದ ಎಲ್ಲ ಓಕಾರದಲ್ಲಿ ಮುಗಿಯುತ್ತದೆ. ಎಲ್ಲರೂ ಬೇಗ ಕಲಿಯಬೇಕಾದ ಭಾಷೆಗೆ ಅದು ಸರಿ. ಕಥೆಯ ಜನರಿಗೆ ಹಾಗಲ್ಲ, ಅವರ ಭಾಷೆಗೆ ವಯಸ್ಸಾಗಿರಬೇಕು. ಹಾಗೆಂದು ಅಪವಾದಗಳನ್ನು ಉಪ್ಪು ಉದುರಿಸಿದ ಹಾಗೆ ಅಲ್ಲಲ್ಲಿ ಹಾಕಿದರೆ ನಕಲಿ ಎಂದು ಗೊತ್ತಾಗುತ್ತದೆ. ನಿಜವಾದ ಅಪವಾದಗಳು ಗುಂಪಾಗಿ ಬರುತ್ತವೆ. ಬಿಡು ಬಿಟ್ಟ, ಸುಡು ಸುಟ್ಟ, ಕೊಡು ಕೊಟ್ಟ ನೋಡಿ. ಅವು ಬರುವುದು ಹಳೆಯ ಸದ್ದುಗಳು ಬದಲಾದದ್ದರಿಂದ.

ಸದ್ದು ಬದಲಾಗುವುದು ಹೇಗೆ ಎಂದು ನೋಡಲು ತುಳು-ಕನ್ನಡ ಪಕ್ಕಪಕ್ಕ ಇಡಿ. ಪಿಲಿ, ಹುಲಿ. ಪಂಜಿ, ಹಂದಿ. ಪತ್ತ್, ಹತ್ತು. ಪೂ, ಹೂ. ಹಳಗನ್ನಡದಲ್ಲೂ ಪ ಇತ್ತು, ಆಮೇಲೆ ಪದದ ಶುರುವಿನ ಪ ಹೆಚ್ಚಿನ ಕಡೆ ಹ ಆಯಿತು. ತುಳು ಉಳಿಸಿಕೊಂಡಿತು. ಒಂದೆರಡು ಪದ ಅಲ್ಲ, ಸಾಲಿಗೆ ಸಾಲೇ. ನೀವೂ ಇಂಥ ಒಂದು ನಿಯಮ ಮಾಡಿ, ನಿಘಂಟಿನ ಮೇಲೆ ಪೂರ್ತಿ ಓಡಿಸಿ. ನನ್ನದು: ಇ, ಎ ಮುಂದೆ ಬಂದರೆ ಕ ಹೋಗಿ ಚ. ಕನ್ನಡದ ಕಿವಿ ತಮಿಳಿನಲ್ಲಿ ಚೆವಿ ಎಂದು ಬರೆಯುವ ಪದ ಆದದ್ದೂ ಇದೇ ದಾರಿಯಲ್ಲಿ. ಅಜ್ಜಿಗೆ ಹಳೆಯ ಮಾತು ಬಿಟ್ಟು, ಚಿಕ್ಕವರಿಗೆ ಹೊಸ ನಿಯಮ ಹಚ್ಚಿದೆ. ಅಜ್ಜಿಯ ಕಿಟಾ ಮೊಮ್ಮಕ್ಕಳಿಗೆ ಚಿಟಾ. ಉಟುಕಿ ಉಟುಚಿ ಆಯಿತು. ನೆಕ ಹಾಗೇ ಉಳಿದು, ಅದರ ಭೂತಕಾಲ ಮಾತ್ರ ನೆಚಿ ಆಯಿತು. ನಾನು ಕೂತು ಹುಟ್ಟಿಸದ ಅಪವಾದ ತಾನಾಗಿ ಬಂತು, ಮೊದಲು ಕಿತ್ತುಹಾಕಿದ್ದ ಚ ಕೂಡ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಭಾಗ ಇದು.

ಪದಗಳನ್ನು ಈಗ ಮಾಡಿ, ಅದೂ ಬೇಕಾದಷ್ಟೇ. ಕನ್ನಡದ ಒಂದು ಪದಕ್ಕೆ ಅಲ್ಲಿ ಒಂದೇ ಪದ ಇರಬೇಕಾಗಿಲ್ಲ. ಬಂಗುಡೆ, ಬೂತಾಯಿ, ಕಾಣೆ, ಅಂಜಲ್ ಎಂದು ನಾವು ಬೇರೆ ಬೇರೆ ಹೇಳುವಾಗ ಘಟ್ಟದ ಮೇಲಿನ ಎಷ್ಟೋ ಜನ ಮೀನು ಎಂದು ಸುಮ್ಮನಾಗುತ್ತಾರೆ. ನಿಮ್ಮ ಜನ ಯಾವುದನ್ನು ಸೂಕ್ಷ್ಮವಾಗಿ ನೋಡುತ್ತಾರೆ ಎಂದು ಯೋಚಿಸಿ, ಅಲ್ಲಿ ಪದ ಹೆಚ್ಚಿಸಿ. ನನ್ನ ಕಡಲಡಿಯವರಿಗೆ ಮಳೆಗೆ ಪದವೇ ಇಲ್ಲ, ಅಲೆಗೆ ಬೇಕಾದಷ್ಟಿವೆ. ಬೈಗುಳ ಮತ್ತು 'ಒಣಸ್ ಆಂಡಾ' (ಊಟ ಆಯ್ತಾ) ಥರದ ಕುಶಲ ಮಾತು ಮಾತ್ರ ಮೊದಲೇ ಮಾಡಿಡಿ. ತಾಲೀಮಿನಲ್ಲಿ ಮಕ್ಕಳು ಮೊದಲು ಕೇಳುವುದೇ ಅವನ್ನು.

ತಾಲೀಮಿನಲ್ಲಿ ಫೋನ್ ಆನ್ ಇಟ್ಟು ರೆಕಾರ್ಡ್ ಮಾಡಿ. ಎಲ್ಲ ಮಕ್ಕಳೂ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ತಿದ್ದಬೇಕಾದದ್ದು ಭಾಷೆಯನ್ನು. ಕಟ್ಟುವವನಿಗೆ ಚಂದ ಕಂಡ ಪದ ವೇದಿಕೆಯ ಮೇಲೆ, ಓಡುತ್ತಾ, ಏದುಸಿರಿನಲ್ಲಿ ಹೊರಡಬೇಕು.

ಲಿಪಿ ಕೊನೆಗೆ. ಹೊಸ ಅಕ್ಷರ ಬಿಡಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ನಟರ ಕೈಗೆ ಕೊಡುವ ಹಾಳೆ ಕನ್ನಡ ಲಿಪಿಯಲ್ಲೇ ಇರಲಿ. ನಮ್ಮ ಲಿಪಿಗೆ ಕೆಲವು ಸದ್ದು ಹಿಡಿಯಲು ಆಗುವುದಿಲ್ಲ. ತುಳುವಿನಲ್ಲಿ 'ಯಾನ್ ಪೋಪೆ' (ನಾನು ಹೋಗುತ್ತೇನೆ), 'ಆಯೆ ಪೋಪೆ' (ಅವನು ಹೋಗುತ್ತಾನೆ) ಎರಡರ ಕೊನೆಯ ಎಕಾರ ಬೇರೆ ಬೇರೆ, ಬರೆದರೆ ಒಂದೇ. ಅಂಥ ಕಡೆ ಅಕ್ಷರದ ಕೆಳಗೆ ಒಂದು ಚುಕ್ಕಿ ಹಾಕಿ. ನನ್ನ ಹಾಳೆಯಲ್ಲಿ ತುಟಿ ದುಂಡಗಾಗದ ಕೊಂಬಿಗೆಲ್ಲ ಕೆಂಪು ಚುಕ್ಕಿ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸುವುದಾದರೆ ಬಣ್ಣದ ಬದಲು ಕೆಳಗೆ ಗೆರೆ ಎಳೆದುಬಿಡಿ.