ಗಬಗಬ ತಿನ್ನುವ ನಾಯಿಮರಿಗೆ ಊಟದ ಕ್ರಮ

ಬಟ್ಟಲನ್ನು ನೆಲಕ್ಕಿಟ್ಟು ಕೈ ತೆಗೆಯುವಷ್ಟರಲ್ಲಿ ಊಟ ಮುಗಿಸಿ, ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳಿಕೊಂಡು ಗೋಡೆಯವರೆಗೂ ಹೋಗುವ ಮರಿಯನ್ನು ಕಂಡವರಿಗೆ, ಒಳಗೆ ಉಬ್ಬುತಗ್ಗುಗಳಿರುವ ‘ಸ್ಲೋ ಫೀಡರ್’ ಬಟ್ಟಲೊಂದನ್ನು ತಂದರೆ ಸಾಕೆಂದು ತೋರುವುದು ಸಹಜ. ಆ ಬಟ್ಟಲಿನಿಂದ ಪ್ರಯೋಜನವಿದೆ, ಆದರೆ ಅದರ ಸರದಿ ಎರಡನೆಯದು. ಮುಂದಿನ ಊಟ ಯಾವಾಗ ಸಿಗುವುದೋ, ತನ್ನ ಪಾಲನ್ನು ಯಾರು ಕಸಿದುಕೊಳ್ಳುವರೋ ಎಂಬ ಆತಂಕ ಇರುವವರೆಗೆ ಮರಿ ಯಾವ ಪಾತ್ರೆಯಲ್ಲಿಟ್ಟರೂ ಅವಸರದಿಂದಲೇ ತಿನ್ನುತ್ತದೆ. ಆದ್ದರಿಂದ ಮೊದಲು ಊಟದ ಹೊತ್ತು, ಪ್ರಮಾಣ ಮತ್ತು ಜಾಗವನ್ನು ನಿಗದಿಪಡಿಸಿ, ಆಮೇಲೆ ಪಾತ್ರೆಯ ಕಡೆ ಗಮನ ಕೊಡಬೇಕು.

ಅವಸರದ ಮೂಲ ಹೆಚ್ಚಾಗಿ ಒಡಹುಟ್ಟಿದ ಮರಿಗಳ ನಡುವಿನ ಪೈಪೋಟಿಯಲ್ಲಿದೆ. ಆರೇಳು ಮರಿಗಳು ಒಂದೇ ತಟ್ಟೆಗೆ ಮುಗಿಬಿದ್ದಾಗ ನಿಧಾನವಾಗಿ ತಿಂದದ್ದಕ್ಕೆ ಕಡಿಮೆ ಸಿಗುತ್ತದೆ, ಆ ಪಾಠವನ್ನು ಮರಿ ಹೊಸ ಮನೆಗೂ ಹೊತ್ತು ತರುತ್ತದೆ. ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಹಸಿವು ಹೆಚ್ಚು. ಲ್ಯಾಬ್ರಡಾರ್ ನಾಯಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲಿನಲ್ಲಿ ಹಸಿವನ್ನು ನಿಯಂತ್ರಿಸುವ ‘ಪಿಒಎಂಸಿ’ ಎಂಬ ಜೀನಿನ ಒಂದು ತುಣುಕು ಇಲ್ಲದಿರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಇಷ್ಟಾದರೂ ಮೊದಲು ಪರೀಕ್ಷಿಸಬೇಕಾದದ್ದು ಜಂತುಹುಳು. ಹೊಟ್ಟೆ ಉಬ್ಬಿಕೊಂಡು, ಬೆನ್ನು ಮತ್ತು ಪಕ್ಕೆ ಸೊರಗಿದ್ದು, ಎಷ್ಟು ತಿಂದರೂ ಮೈಗೆ ಹತ್ತದ ಮರಿಗೆ ಬಟ್ಟಲನ್ನು ಬದಲಿಸಿ ಫಲವಿಲ್ಲ. ಅದರ ಮಲವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ವಯಸ್ಸು ಮತ್ತು ತೂಕಕ್ಕೆ ತಕ್ಕಂತೆ ಜಂತುನಾಶಕ ಕೊಡಿಸಬೇಕು.

ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಊಟ, ಸುಮಾರು ನಾಲ್ಕು ತಿಂಗಳಿನಿಂದ ಆರು ತಿಂಗಳವರೆಗೆ ಮೂರು ಊಟ, ಆನಂತರ ಎರಡು ಊಟ ಎಂಬುದು ಸಾಮಾನ್ಯ ಕ್ರಮ. ಊಟಗಳ ನಡುವಿನ ಅಂತರ ಹೆಚ್ಚಿದಷ್ಟೂ ಮರಿಯ ಹಪಹಪಿ ಹೆಚ್ಚುತ್ತದೆ. ಬಹಳ ಪುಟ್ಟ ತಳಿಗಳ ಎಳೆಯ ಮರಿಗಳು ಒಂದು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ತೂಕಡಿಸಿ ಬೀಳಬಹುದು, ಆದ್ದರಿಂದ ಅವುಗಳಿಗೆ ಹೊತ್ತು ಮೀರಬಾರದು. ಪ್ರಮಾಣದ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ: ಪೊಟ್ಟಣದ ಮೇಲೆ ಮರಿಯ ತೂಕಕ್ಕೆ ಎದುರಾಗಿ ಮುದ್ರಿಸಿರುವುದು ಸಾಮಾನ್ಯವಾಗಿ ಇಡೀ ದಿನದ ಲೆಕ್ಕ, ಅದನ್ನು ಪ್ರತಿ ಊಟದ ಲೆಕ್ಕವೆಂದು ಭಾವಿಸಿ ಬಡಿಸುವವರಿದ್ದಾರೆ. ಬೆಳಿಗ್ಗೆಯೇ ದಿನದ ಆಹಾರವನ್ನೆಲ್ಲ ತಕ್ಕಡಿಯಲ್ಲಿ ತೂಗಿ ಒಂದು ಡಬ್ಬಿಯಲ್ಲಿ ತೆಗೆದಿಟ್ಟು, ಊಟವನ್ನೂ ತರಬೇತಿಯ ವೇಳೆ ಕೊಡುವ ತುಣುಕುಗಳನ್ನೂ ಅದರಿಂದಲೇ ಕೊಟ್ಟರೆ ಮನೆಯವರೆಲ್ಲ ಬೇರೆ ಬೇರೆಯಾಗಿ ಉಣಿಸುವ ಗೊಂದಲ ತಪ್ಪುತ್ತದೆ. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಒತ್ತದೆಯೇ ಎಲುಬು ಕೈಗೆ ಸಿಗುತ್ತಿದ್ದು, ಮೇಲಿನಿಂದ ನೋಡಿದಾಗ ಸೊಂಟ ಕಾಣುತ್ತಿದ್ದರೆ ಪ್ರಮಾಣ ಸರಿಯಿದೆಯೆಂದು ತಿಳಿಯಬಹುದು.

ಇನ್ನು ನಿಧಾನಗೊಳಿಸುವ ಉಪಾಯಗಳು. ಖರ್ಚಿಲ್ಲದೆ ಮಾಡಬಹುದಾದ ಮೊದಲನೆಯದು, ಒಣ ಆಹಾರದ ಕಾಳುಗಳನ್ನು ಅಗಲವಾದ, ಅಂಚಿರುವ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡುವುದು. ಬಾಯಿ ತುಂಬ ಒಮ್ಮೆಲೇ ಬಾಚಿಕೊಳ್ಳಲು ಆಗದೆ ಮರಿ ನಾಲಗೆಯಿಂದ ಒಂದೊಂದನ್ನೇ ಎತ್ತಿಕೊಳ್ಳಬೇಕಾಗುತ್ತದೆ. ನನಗೆ ಇದಕ್ಕಿಂತಲೂ ಮೆಚ್ಚುಗೆಯಾದದ್ದು ಟವೆಲಿನ ಕ್ರಮ. ಹಳೆಯ, ದಾರ ಬಿಡದ ಟವೆಲನ್ನು ನೆಲದ ಮೇಲೆ ಹಾಸಿ, ಕಾಳುಗಳನ್ನು ಉದ್ದಕ್ಕೂ ಚೆಲ್ಲಿ, ಚಾಪೆ ಸುತ್ತುವಂತೆ ಸಡಿಲವಾಗಿ ಸುತ್ತಿ ಮರಿಯ ಮುಂದಿಡಿ. ಅದು ಮೊದಲು ಕಾಲಿನಿಂದ ಕೆರೆಯುತ್ತದೆ, ಆಮೇಲೆ ಮೂಗನ್ನು ಮಡಿಕೆಯೊಳಗೆ ತೂರಿಸುತ್ತದೆ, ಒಂದು ಸುತ್ತು ಬಿಚ್ಚಿದಾಗ ಸಿಕ್ಕ ನಾಲ್ಕೈದು ಕಾಳು ತಿಂದು ಮುಂದಿನ ಸುತ್ತನ್ನು ಹುಡುಕುತ್ತದೆ. ಮೂಗಿನ ಕೆಲಸದಲ್ಲಿ ತೊಡಗಿದ ಮರಿ ತಾನಾಗಿಯೇ ಶಾಂತವಾಗುವುದನ್ನು ಕಣ್ಣಾರೆ ಕಾಣಬಹುದು. ಬಟ್ಟೆ ನುಂಗುವ ಚಟವಿರುವ ಮರಿಗೆ ಮಾತ್ರ ಇದು ಸಲ್ಲದು, ಉಳಿದ ಮರಿಗಳನ್ನೂ ಟವೆಲಿನೊಂದಿಗೆ ಒಂಟಿಯಾಗಿ ಬಿಡಬಾರದು.

ಸ್ಲೋ ಫೀಡರ್ ಕೊಳ್ಳುವುದಾದರೆ ಚಪ್ಪಟೆ ಮೂತಿಯ ತಳಿಗಳಿಗೆ ಆಳ ಕಡಿಮೆ ಇರುವುದನ್ನು ಆರಿಸಿ, ಕಚ್ಚಿದ ಗುರುತು ಬಿದ್ದು ಚೂರು ಏಳುತ್ತಿದ್ದರೆ ಎಸೆದುಬಿಡಿ, ಸಂದುಗಳನ್ನು ಪ್ರತಿ ಊಟದ ನಂತರ ಬ್ರಶ್ಶಿನಿಂದ ತೊಳೆಯಿರಿ. ಮರಿ ಅದರ ಮುಂದೆ ಬೊಗಳುತ್ತ ನಿಂತರೆ ಅಥವಾ ಬಟ್ಟಲನ್ನೇ ಬೋರಲು ಹಾಕಿದರೆ, ಅದಕ್ಕೆ ಕೊಟ್ಟ ಕೆಲಸ ಅದರ ಶಕ್ತಿ ಮೀರಿದೆಯೆಂದು ಅರ್ಥ. ಊಟ ಸಿಗದೆ ರೇಗಿದ ಮರಿಯಲ್ಲಿ ಆತಂಕ ಹೆಚ್ಚುವುದರಿಂದ, ಮೊದಲ ಕೆಲವು ದಿನ ಅರ್ಧ ಆಹಾರವನ್ನು ತಟ್ಟೆಯಲ್ಲಿಯೇ ಕೊಡುವುದು ಲೇಸು. ಬಟ್ಟಲಿನ ನಡುವೆ ಕಲ್ಲು ಇಡುವ ಸಲಹೆಯನ್ನು ಪಾಲಿಸಬೇಡಿ. ಮರಿಗಳು ಕಲ್ಲನ್ನು ನುಂಗುತ್ತವೆ, ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ.

ಊಟದ ನಡುವೆ ಬಟ್ಟಲನ್ನು ಕಿತ್ತುಕೊಂಡು ‘ಯಜಮಾನ ಯಾರೆಂದು’ ಕಲಿಸುವ ಹಳೆಯ ಪದ್ಧತಿಯನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಮರಿ ಯಾವುದಕ್ಕೆ ಹೆದರುತ್ತಿತ್ತೋ ಅದನ್ನೇ ನಿಜ ಮಾಡಿದಂತಾಗುತ್ತದೆ. ನೀವು ಹತ್ತಿರ ಬಂದಾಗ ಬಾಯಿ ಬಟ್ಟಲಿನಲ್ಲೇ ಇದ್ದು ಮೈ ಬಿಗಿಯುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇದ್ದಕ್ಕಿದ್ದಂತೆ ತಿನ್ನುವ ವೇಗ ಹೆಚ್ಚುವುದು, ಇವು ಗುರುಗುಟ್ಟುವುದಕ್ಕೂ ಮೊದಲು ಕಾಣುವ ಸೂಚನೆಗಳು. ಅಂಥ ಮರಿಯಿಂದ ಕೆಲವು ಹೆಜ್ಜೆ ದೂರದಲ್ಲಿಯೇ ನಿಂತು, ಬಟ್ಟಲಿನಲ್ಲಿರುವುದಕ್ಕಿಂತ ರುಚಿಯಾದ ತುಣುಕೊಂದನ್ನು ಎಸೆದು ಹೊರಟುಹೋಗಿ. ಮನುಷ್ಯರು ಬಳಿಗೆ ಬಂದರೆ ಊಟ ಹೆಚ್ಚುತ್ತದೆ ಎಂಬುದು ಅದಕ್ಕೆ ಮನದಟ್ಟಾದ ಮೇಲೆ ಅಂತರವನ್ನು ಕ್ರಮೇಣ ಕಡಿಮೆ ಮಾಡಬಹುದು. ಅಷ್ಟರಲ್ಲೇ ಗುರುಗುಟ್ಟಿ ಕಚ್ಚಲು ಬರುವ ಮರಿಯಿದ್ದರೆ ಅನುಭವಿ ತರಬೇತುದಾರರ ನೆರವು ಬೇಕು. ಮನೆಯಲ್ಲಿ ಎರಡನೆಯ ನಾಯಿ ಇದ್ದರೆ ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಉಣಿಸಿ, ಇದೊಂದರಿಂದಲೇ ಎಷ್ಟೋ ಮರಿಗಳ ಅವಸರ ತಗ್ಗುತ್ತದೆ.

ಊಟವಾದ ಮೇಲೆ ಒಂದು ಗಂಟೆಯಾದರೂ ಓಟ, ಜಿಗಿತ, ಜಗ್ಗಾಟ ಬೇಡ. ಎದೆಗೂಡು ಆಳವಾಗಿರುವ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಲ್ಲಿ ಜಠರವು ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಬೆಳೆದ ನಾಯಿಗಳಲ್ಲಿ ಇದು ಹೆಚ್ಚಾದರೂ, ತಿನ್ನುವ ಅಭ್ಯಾಸ ರೂಪುಗೊಳ್ಳುವುದು ಮರಿಯ ವಯಸ್ಸಿನಲ್ಲಿಯೇ. ಬಟ್ಟಲನ್ನು ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಅಪಾಯ ತಗ್ಗುವುದೆಂಬ ನಂಬಿಕೆ ಹಲವರಲ್ಲಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ತಳಿಗಳಿಗೆ ಅಂಥ ಬಟ್ಟಲಿನಿಂದ ಅಪಾಯ ಹೆಚ್ಚಿದ್ದುದು ಕಂಡುಬಂತು. ಹೊಟ್ಟೆ ತಮಟೆಯಂತೆ ಬಿಗಿದು, ನಾಯಿ ಓಕರಿಸಿದರೂ ಏನೂ ಹೊರಬರದೆ, ಜೊಲ್ಲು ಸುರಿಸುತ್ತ ಒಂದೆಡೆ ನಿಲ್ಲಲಾರದೆ ತಿರುಗುತ್ತಿದ್ದರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಅವಸರದಿಂದ ತಿಂದ ಮರಿ ಕೆಲವೇ ನಿಮಿಷಗಳಲ್ಲಿ, ಹೊಟ್ಟೆ ಹಿಂಡದೆಯೇ, ಜೀರ್ಣವಾಗದ ಆಹಾರವನ್ನು ಹಾಗೆಯೇ ಕಕ್ಕಿಬಿಡುವುದುಂಟು. ಎಂದೋ ಒಮ್ಮೆ ಹೀಗಾದರೆ ಗಾಬರಿ ಬೇಡ. ತಾಯಿಯ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಬಂದಾಗಿನಿಂದ ಪ್ರತಿ ಊಟಕ್ಕೂ ಹೀಗಾಗುತ್ತಿದ್ದು, ಮರಿ ತೂಕ ಏರದೆ ಉಳಿದಿದ್ದರೆ, ಅನ್ನನಾಳ ಹಿಗ್ಗಿದೆಯೇ ಅಥವಾ ಹೃದಯದ ಬಳಿಯ ರಕ್ತನಾಳವೊಂದು ಅದನ್ನು ಅದುಮುತ್ತಿದೆಯೇ ಎಂಬುದನ್ನು ವೈದ್ಯರು ಎಕ್ಸ್‌ರೇ ತೆಗೆದು ನೋಡಬೇಕಾಗುತ್ತದೆ. ಪ್ರತಿ ಊಟದ ಹೊತ್ತು, ಕೊಟ್ಟ ಗ್ರಾಂ, ಮುಗಿಸಲು ಹಿಡಿದ ನಿಮಿಷ, ಕಕ್ಕಿದ್ದರೆ ಎಷ್ಟು ಹೊತ್ತಿನ ಮೇಲೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ, ಹೊಟ್ಟೆ ಹಿಂಡಿ ಬರುವ ವಾಂತಿ ಮತ್ತು ಹೊಟ್ಟೆ ಹಿಂಡದೆ ಬರುವ ಈ ಕಕ್ಕುವಿಕೆಯ ವ್ಯತ್ಯಾಸವನ್ನು ಅವರು ಬೇಗ ಗುರುತಿಸಬಲ್ಲರು.