ನಲಿಕಲಿ ಕೋಣೆಯೊಳಗೊಂದು ಸಂತೆ
"ಕಾರ್ಡ್ ಮುಗಿಸೋದೇ ಕಷ್ಟ, ಜೊತೆಗೆ ಸಂತೆ ಬೇರೆ ಯಾಕೆ ಮೇಡಂ?" ಜೂನ್‌ನಲ್ಲಿ ಸಹೋದ್ಯೋಗಿಗಳು ಹೀಗೆ ಕೇಳಿದ್ದರು. ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಾರ್ಡ್‌ಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ; ಸಂತೆ ಅಂದರೆ ಮಕ್ಕಳೇ ನಡೆಸುವ ತರಕಾರಿ ವ್ಯಾಪಾರದ ಆಟ. ಈಗ ದಸರಾ ರಜೆ ಹೊತ್ತಿಗೆ, ನನ್ನ ಕೋಣೆಯ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಮುಕ್ಕಾಲು ಪಾಲು ಅಂದುಕೊಂಡ ಮೈಲಿಗಲ್ಲು, ಅಂದರೆ ಕಲಿಕೆಯ ಹಂತ, ದಾಟಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಸೆಮಿಸ್ಟರ್‌ಗೆ ಏನೇನಿದೆ ಅಂತ ನಿಮಗೆ ಗೊತ್ತೇ ಇದೆ. ಒಂದನೇ ತರಗತಿಗೆ ವಿದ್ಯಾಪ್ರವೇಶ ಅನ್ನೋ ಶಾಲಾ ಸಿದ್ಧತೆಯ ಚಟುವಟಿಕೆಗಳು, ಆಮೇಲೆ ರ, ಗ, ಸ, ದ, ಅ ಅಕ್ಷರಗಳು. ಎರಡನೆಯವರಿಗೆ ಕಾಗುಣಿತ, ಎರಡಂಕಿ ಕೂಡೋದು ಕಳೆಯೋದು. ಮೂರನೆಯವರಿಗೆ ಸರಾಗ ಓದು, ಮೂರಂಕಿ ಲೆಕ್ಕ. ಜೊತೆಗೆ ಪರಿಸರ ಅಧ್ಯಯನ, ಇಂಗ್ಲಿಷ್. ಎಲ್ಲವನ್ನೂ ಬೇರೆ ಬೇರೆ ಎಳೆದರೆ ಒಬ್ಬ ಟೀಚರ್ ಕೈಲಿ ಆಗಲ್ಲ, ಅಲ್ವಾ? ವಾರವಿಡೀ ಏಣಿ (ಕಾರ್ಡ್‌ಗಳ ಕ್ರಮ ತೋರಿಸುವ ಪಟ್ಟಿ) ಪ್ರಕಾರ ಕಾರ್ಡ್, ಶನಿವಾರ ಬೆಳಗ್ಗೆ ಸಂತೆ ಅಂತ ಮಾಡಿದೆ.

ಶುರುವಿಗೆ ದುಡ್ಡು ದಂಡವಾಯಿತು. ಜೇಡಿಮಣ್ಣಿನ ತರಕಾರಿ ಒಣಗಿ ಬಿರುಕು ಬಿಟ್ಟವು. ಆಟದ ನೋಟುಗಳಿಗೆ ಲ್ಯಾಮಿನೇಷನ್ ಮಾಡಿಸಿದೆ, ಏಳೆಂಟು ನೂರು ಹೋಯಿತು. ಮಕ್ಕಳು ಅಂಚು ಕಿತ್ತು ಹಾಕಿದರು. ಎಣಿಸೋಕೆ ಇಟ್ಟ ಹುಣಸೆಬೀಜ ಇಲಿ ಪಾಲು. ನೋಟು ಮಾಡೋಕೆ ಕೊನೆಗೆ ಕೈ ಹಿಡಿದಿದ್ದು ಹಳೆ ಲಗ್ನಪತ್ರಿಕೆ. ಗಟ್ಟಿ ಕಾಗದ, ಪುಕ್ಕಟೆ, ಮೂರು ತಿಂಗಳಾದರೂ ಹರಿದಿಲ್ಲ. ತರಕಾರಿ ಮನೆಗಳಿಂದಲೇ ಬರುತ್ತದೆ, ಸಂತೆ ಮುಗಿದ ಮೇಲೆ ಬಿಸಿಯೂಟದ ಸಾರಿಗೆ ಹೋಗುತ್ತದೆ.

ಒಂದನೇ ತರಗತಿ ಹುಡುಗಿ ಬದನೆಕಾಯಿ ಗುಡ್ಡೆ ಮುಂದೆ ಸ್ಲೇಟಿನಲ್ಲಿ 'ದರ' ಅಂತ ಬರೆದು 5 ಹಾಕುತ್ತಾಳೆ. ದ, ರ ಎರಡೂ ಅವಳ ಮೊದಲ ಮೈಲಿಗಲ್ಲಿನ ಅಕ್ಷರಗಳೇ. ಎರಡನೆಯವರು ಚಿಲ್ಲರೆ ವಾಪಸ್ ಕೊಡಬೇಕು. ಮೂರನೆಯವರು ಚೀಟಿ ಬರೆದು ಮೊತ್ತ ಹಾಕಬೇಕು. ಮೂಲಂಗಿ ಬೇರಾ, ದಂಟು ಕಾಂಡವಾ ಅಂತ ವಿಂಗಡಿಸಿದರೆ ಪರಿಸರ ಪಾಠವೂ ಆಯಿತು. ಇಂಗ್ಲಿಷ್‌ಗೆ "ಹೌ ಮಚ್?" ಸಾಕು, ಮಿಕ್ಕಿದ್ದು ತಾನಾಗೇ ಬರುತ್ತದೆ.

ನಡುವೆ ತೆಂಗಿನ ಚಿಪ್ಪಿನ ತಕ್ಕಡಿ ಕಟ್ಟಿದೆವು. ಒಂದು ಕಲ್ಲಿಗೆ ಎಷ್ಟು ಹೊಂಗೆಬೀಜ ಅಂತ ಮೂರನೆಯವರು ಎರಡು ವಾರ ಅದರಲ್ಲೇ ಮುಳುಗಿದ್ದರು. ಏಣಿಯಲ್ಲಿ ಆ ಕಾರ್ಡ್ ಇಲ್ಲ, ಆದರೂ ನಾನು ತಡೆಯಲಿಲ್ಲ.

ಇಷ್ಟು ಮಕ್ಕಳು ಗಲಾಟೆ ಇಲ್ಲದೆ ಸಂತೆ ಮಾಡೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ, ಒಂದು ಶನಿವಾರ ಬಂದು ನೋಡಿ. ನಲಿಕಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು 1995ರಲ್ಲಿ. ಇಷ್ಟು ವರ್ಷವಾದರೂ "ಸುಮ್ನೆ ಆಟ ಆಡಿಸ್ತೀರಾ" ಅನ್ನೋರು ಇದ್ದಾರೆ. ಅಂಥ ಇಬ್ಬರು ಅಪ್ಪಂದಿರನ್ನು ಸಂತೆಗೆ ಕರೆದು ಮಕ್ಕಳ ಹತ್ತಿರವೇ ವ್ಯಾಪಾರ ಮಾಡಿಸಿದೆ. ಈಗ ಸೊಪ್ಪು ಅವರ ಮನೆಯಿಂದಲೇ ಜಾಸ್ತಿ ಬರುತ್ತಿದೆ.

ರಜೆ ಮುಗಿದ ಮೇಲೆ ಒತ್ತಕ್ಷರಕ್ಕೆ ಬಸ್ಸಿನ ಆಟ. ಊರುಗಳ ಬೋರ್ಡ್ ಬರೆಯೋಕೆ ಲಗ್ನಪತ್ರಿಕೆ ಇನ್ನೂ ಬೇಕು.