ಡೆಮ್ಯಾನ್ಯುಕ್ ಕಡತ: ಸಂಶಯ ಯಾವ ಕಲಮಿನದು?

ಜೂನಿಯರ್ ವಕೀಲರಿಗೆ ಸಾಕ್ಷ್ಯ ತೂಗುವುದನ್ನು ಕಲಿಸಲು ನಾನು ಬಳಸುವುದು, ನಾಜಿ ಶಿಬಿರಗಳ ಕಾವಲುಗಾರನೆಂದು ಇಸ್ರೇಲಿನಲ್ಲೂ ಜರ್ಮನಿಯಲ್ಲೂ ವಿಚಾರಣೆಗೆ ಒಳಗಾದ ಜಾನ್ ಡೆಮ್ಯಾನ್ಯುಕ್ ಪ್ರಕರಣ. ಓದುವ ಮೊದಲೇ ಹಾಳೆಯಲ್ಲಿ ನಾಲ್ಕು ಕಲಂ (ಉದ್ದ ಅಂಕಣ) ಗೀಚಿಸುತ್ತೇನೆ: ಯಾರು, ಎಲ್ಲಿ, ಯಾವಾಗ, ಏನು ಮಾಡಿದ. ಪ್ರತಿಯೊಂದು ಸಾಕ್ಷ್ಯವೂ ತಾನು ರುಜುವಾತು ಮಾಡುವ ಕಲಮಿಗೆ ಮಾತ್ರ ಹೋಗಬೇಕು.

1987ರಲ್ಲಿ ಜೆರುಸಲೇಮಿನಲ್ಲಿ ವಿಚಾರಣೆಗೆ ಬಂದ ಆರೋಪ, ನಾಜಿಗಳ ಕೊಲೆ ಶಿಬಿರ ಟ್ರೆಬ್ಲಿಂಕಾದ ಅನಿಲ ಕೋಣೆಯ 'ಕ್ರೂರಿ ಇವಾನ್' ಈತನೇ ಎಂಬುದು. ಆಧಾರ, ಬದುಕುಳಿದವರ ಗುರುತು. ಆ ಗುರುತು ಹುಟ್ಟಿದ್ದು 1976ರಲ್ಲಿ, ಫೋಟೋಗಳ ಆಲ್ಬಮ್ಮಿನಿಂದ. ಅದರಲ್ಲಿ ಡೆಮ್ಯಾನ್ಯುಕ್ ಚಿತ್ರ ಬಹುಪಾಲು ಚಿತ್ರಗಳಿಗಿಂತ ದೊಡ್ಡದಾಗಿ, ಸ್ಪಷ್ಟವಾಗಿ ಇತ್ತು. ನಮ್ಮಲ್ಲಿ ಗುರುತು ಪತ್ತೆ ಪರೇಡ್ ಮಾಡುವಾಗ ಅದೇ ವಯಸ್ಸಿನ, ಅದೇ ಮೈಕಟ್ಟಿನ ಜನರನ್ನು ಜೊತೆಗೆ ನಿಲ್ಲಿಸುವುದು ಇದೇ ಕಾರಣಕ್ಕೆ. ಒಬ್ಬನೇ ಎದ್ದು ಕಂಡರೆ ಆಮೇಲೆ ಎಷ್ಟು ಜನ ಬೊಟ್ಟು ಮಾಡಿದರೂ ಹುರುಳಿಲ್ಲ. ಒಮ್ಮೆ ಫೋಟೋ ನೋಡಿದ ಸಾಕ್ಷಿಗೆ ನ್ಯಾಯಾಲಯದಲ್ಲಿ ನೆನಪಾಗುವುದು ಶಿಬಿರದ ಮುಖವೋ ಫೋಟೋದ ಮುಖವೋ ಎಂದು ಬಿಡಿಸಿ ಹೇಳಲು ಅವರಿಗೂ ಸಾಧ್ಯವಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಅನುಭವಿಸಿದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗಾಗಿ ಮೊದಲ ಹೇಳಿಕೆಯನ್ನೇ ಹುಡುಕಬೇಕು, ಫೋಟೋ ತೋರಿಸುವುದಕ್ಕೂ ಹಿಂದಿನದು. ಸಾಕ್ಷಿ ಎಲಿಯಾಹು ರೋಸೆನ್‌ಬರ್ಗ್, 1943ರ ಆಗಸ್ಟ್‌ನ ಶಿಬಿರದ ಕೈದಿಗಳ ಬಂಡಾಯದಲ್ಲಿ ಇವಾನ್ ಸತ್ತನೆಂದು 1947ರಲ್ಲಿ ಹೇಳಿಕೆ ಕೊಟ್ಟಿದ್ದರು. ಪಾಟೀಸವಾಲಿಗೆ ಇದಕ್ಕಿಂತ ಗಟ್ಟಿ ಕಾಗದ ಬೇಕೇ? ಆದರೂ 1988ರಲ್ಲಿ ಮರಣದಂಡನೆಯಾಯಿತು.

ಅಪೀಲಿನ ಹೊತ್ತಿಗೆ ಸೋವಿಯತ್ ದಫ್ತರಗಳಿಂದ ಟ್ರೆಬ್ಲಿಂಕಾದ ಮಾಜಿ ಕಾವಲುಗಾರರ ಹೇಳಿಕೆಗಳು ಬಂದವು. ಅವುಗಳ ಪ್ರಕಾರ ಆ ಇವಾನನ ಮನೆತನದ ಹೆಸರು ಮಾರ್ಚೆಂಕೊ, ಡೆಮ್ಯಾನ್ಯುಕ್ ಅಲ್ಲ. ಹೇಳಿದವರನ್ನು ಪಾಟೀಸವಾಲಿಗೆ ಕರೆಸುವಂತಿರಲಿಲ್ಲ. ಅಂಥ ಕಾಗದ ಒಬ್ಬನನ್ನು ಶಿಕ್ಷಿಸಲು ಸಾಲದು, ಸಂಶಯ ಹುಟ್ಟಿಸಲು ಧಾರಾಳ ಸಾಕು. 1993ರ ಜುಲೈ 29ರಂದು ಇಸ್ರೇಲಿನ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು.

ಜೂನಿಯರ್‌ಗಳು ಎಡವುವುದು ಇಲ್ಲಿಯೇ: ಒಂದು ಕಲಮಿನ ಸಂಶಯವನ್ನು ಇಡೀ ಹಾಳೆಗೆ ಬಳಿಯುತ್ತಾರೆ. ಅದೇ ಕಡತದಲ್ಲಿ, ನಾಜಿಗಳು ಕಾವಲುಗಾರರನ್ನು ತಯಾರು ಮಾಡುತ್ತಿದ್ದ ಟ್ರಾವ್ನಿಕಿ ತರಬೇತಿ ಶಿಬಿರದ 1393ನೇ ನಂಬರಿನ ಗುರುತಿನ ಚೀಟಿಯಿದೆ. ಫೋಟೋ, ಕೊಟ್ಟ ಬಟ್ಟೆಬರೆಯ ಪಟ್ಟಿ, ನಿಯೋಜನೆಯ ಸಾಲು: ಸೋಬಿಬೋರ್ (ನಾಜಿಗಳ ಇನ್ನೊಂದು ಕೊಲೆ ಶಿಬಿರ), 27-3-1943. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಮಾಡಿದ ನಕಲಿ ಎಂದು ಪ್ರತಿವಾದಿಗಳು ವಾದಿಸಿದರು. ಒಂಟಿ ಚೀಟಿಯಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ 1943ರ ಮಾರ್ಚ್ 26ರ ವರ್ಗಾವಣೆ ಪಟ್ಟಿಯಲ್ಲೂ, ಅದೇ ವರ್ಷದ ಅಕ್ಟೋಬರಿನ ಫ್ಲಾಸನ್‌ಬ್ಯುರ್ಗ್ ಶಿಬಿರದ ಪಟ್ಟಿಯಲ್ಲೂ ಅದೇ ಹೆಸರು, ಅದೇ ನಂಬರ್. ಮಜ್ದಾನೆಕ್ ಶಿಬಿರದಿಂದ ಅಪ್ಪಣೆಯಿಲ್ಲದೆ ಉಪ್ಪು, ಈರುಳ್ಳಿ ತರಲು ಹೋದದ್ದಕ್ಕೆ ಶಿಸ್ತುಕ್ರಮದ ವರದಿಯೂ ಇದೆ. ಇಂಥ ಕ್ಷುಲ್ಲಕ ಕಾಗದವನ್ನು ಯಾರೂ ಕಷ್ಟಪಟ್ಟು ಸೃಷ್ಟಿಸುವುದಿಲ್ಲ. ನನ್ನ ತಕ್ಕಡಿಯಲ್ಲಿ ಅದರ ತೂಕ ದೊಡ್ಡದು.

'ಯಾರು, ಎಲ್ಲಿ, ಯಾವಾಗ' ತುಂಬಿದವು. 2009ರ ನವೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ, ಈ ಸೋಬಿಬೋರ್ ಕಾವಲಿಗಾಗಿ ವಿಚಾರಣೆ ಶುರುವಾದಾಗ ಡೆಮ್ಯಾನ್ಯುಕ್‌ಗೆ 89 ವರ್ಷ. ವೈದ್ಯರ ಮಾತಿನಂತೆ ದಿನಕ್ಕೆ 90 ನಿಮಿಷದ ಎರಡು ಕಲಾಪ ಮಾತ್ರ. ಮುಪ್ಪಿಗೆ ಕೊಡಬೇಕಾದ ರಿಯಾಯಿತಿ ವೇಳಾಪಟ್ಟಿಯಲ್ಲಿ, ನ್ಯಾಯಾಲಯದಲ್ಲಿ ಮಲಗಲು ಕೊಡುವ ಹಾಸಿಗೆಯಲ್ಲಿ. ರುಜುವಾತಿನ ಮಟ್ಟದಲ್ಲಿ ಕೊಡುವಂತಿಲ್ಲ, ಕಸಿಯುವಂತೆಯೂ ಇಲ್ಲ.

'ಏನು ಮಾಡಿದ' ಕಲಮಿಗೆ ಒಬ್ಬ ಪ್ರತ್ಯಕ್ಷಸಾಕ್ಷಿಯೂ ಇರಲಿಲ್ಲ. ಅಲ್ಲಿ ನಿಂತದ್ದು ತರ್ಕ: ಸೋಬಿಬೋರ್‌ಗೆ ಕೊಲ್ಲುವುದರ ಹೊರತು ಬೇರೆ ಕೆಲಸವೇ ಇರಲಿಲ್ಲ, ಆದ್ದರಿಂದ ಕಾವಲು ನಿಂತದ್ದೇ ನೆರವು. ಅವನ ಸೇವಾವಧಿಯಲ್ಲಿ ಬಂದಿಳಿದ ರೈಲುಗಳನ್ನು ಲೆಕ್ಕ ಹಾಕಿ 28,060 ಜನರ ಕೊಲೆಗೆ ನೆರವಾದನೆಂದು 2011ರ ಮೇನಲ್ಲಿ ಐದು ವರ್ಷ ಶಿಕ್ಷೆ ಕೊಟ್ಟರು. ಅಪೀಲು ತೀರುವ ಮೊದಲೇ, 2012ರಲ್ಲಿ ಅವನು ತೀರಿಕೊಂಡ. ಆದ್ದರಿಂದ ತೀರ್ಪು ಅಂತಿಮವಾಗಲಿಲ್ಲ. ಹಾಳೆಯ ತಲೆಯಲ್ಲೇ ಇದನ್ನು ಬರೆಸುತ್ತೇನೆ. ನೆರವಿನ ಈ ಬಗೆಯ ತರ್ಕಕ್ಕೆ ಜರ್ಮನಿಯ ಮೇಲಿನ ನ್ಯಾಯಾಲಯದ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಆಶ್ವಿಟ್ಜ್ ಶಿಬಿರದ ಸಿಬ್ಬಂದಿಯಾಗಿದ್ದ ಓಸ್ಕರ್ ಗ್ರೋನಿಂಗ್ ಪ್ರಕರಣದಲ್ಲಿ.

ಸೋಬಿಬೋರ್ ಮಟ್ಟಿಗೆ ಈ ತರ್ಕ ನನಗೆ ಒಪ್ಪಿಗೆ. ಬಲವಂತದ ದುಡಿಮೆಯೂ ನಡೆಯುತ್ತಿದ್ದ ಸ್ಟುಟ್‌ಹಾಫ್‌ನಂಥ ಶಿಬಿರಕ್ಕೆ ಅದನ್ನು ಹಾಗೆಯೇ ಎತ್ತಿ ಅಂಟಿಸಬಾರದು. ಕಚೇರಿಯ ಟೈಪಿಸ್ಟ್ ಆಗಿದ್ದ ಇರ್ಮ್‌ಗಾರ್ಡ್ ಫುರ್ಶ್‌ನರ್‌ಗೆ 2022ರಲ್ಲಿ, 97ರ ವಯಸ್ಸಿನಲ್ಲಿ, ಶಿಕ್ಷೆಯಾದ ಪ್ರಕರಣಕ್ಕೆ ಬಂದಾಗ ಐದನೆಯ ಕಲಂ ಎಳೆಸುತ್ತೇನೆ: ಕೂತ ಜಾಗದಿಂದ ಅವಳಿಗೆ ಏನು ಕಾಣುತ್ತಿತ್ತು, ಅವಳ ಮೇಜಿನ ಮೇಲೆ ಯಾವ ಕಾಗದ ಹಾದುಹೋಗುತ್ತಿತ್ತು.